ಅನ್ನ ಹಾಕಿದ ಮೇಲೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಾಣಿಗಳ ಬಗ್ಗೆಯೇ ಇದ್ದವು. ನಾಯಿ, ಹಸು, ಗಿಳಿ, ಹಾವು. ಅದಕ್ಕೆ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಪುಟವನ್ನು ಪೂರ್ತಿ ಇವಕ್ಕೇ ಬಿಟ್ಟಿದ್ದೇನೆ. ಕೆಲವು ಪತ್ರಗಳು ತುಂಬಾ ಉದ್ದ ಇದ್ದವು, ಸ್ವಲ್ಪ ಮೊಟಕು ಮಾಡಿದ್ದೇನೆ.

ನಮ್ಮ ರಸ್ತೆಯ ಆರು ನಾಯಿಗಳಿಗೆ ನಾಲ್ಕು ವರ್ಷದಿಂದ ದಿನಾ ರಾತ್ರಿ ಅನ್ನ ಹಾಕುತ್ತಿದ್ದೇನೆ. ಎದುರು ಮನೆಯವರು ಈಗ ಮಾತು ಬಿಟ್ಟಿದ್ದಾರೆ. ‘ನಿಮ್ಮಿಂದಾನೇ ನಾಯಿ ಜಾಸ್ತಿ ಆಗಿರೋದು, ಅಷ್ಟು ಪ್ರೀತಿ ಇದ್ರೆ ಮನೆಯೊಳಗೆ ಕಟ್ಕೊಳ್ಳಿ’ ಅಂತಾರೆ. ಹೋದ ವಾರ ಅವರ ಏಳು ವರ್ಷದ ಮೊಮ್ಮಗನನ್ನು ಒಂದು ನಾಯಿ ಅಟ್ಟಿಸಿಕೊಂಡು ಹೋಯಿತು, ಕಚ್ಚಲಿಲ್ಲ. ನಾನು ಮಾಡ್ತಿರೋದು ತಪ್ಪಾ?
— ವಿಜಯನಗರದ ಓದುಗರೊಬ್ಬರು

ಅನ್ನ ಹಾಕುವುದು ತಪ್ಪಲ್ಲ. ಆದರೆ ನಿಮ್ಮ ಪತ್ರ ಓದಿದಾಗ ನನ್ನ ಮನಸ್ಸು ಮೊದಲು ಹೋಗಿದ್ದು ಆ ಮಗುವಿನ ಕಡೆಗೆ. ‘ಕಚ್ಚಲಿಲ್ಲ’ ಅಂತ ಒಂದು ಮಾತು ಬರೆದು ಮುಂದೆ ಹೋಗಿದ್ದೀರಿ. ಕಚ್ಚದೇ ಇದ್ದರೂ ಏಳು ವರ್ಷದ ಹುಡುಗನ ಹಿಂದೆ ನಾಯಿ ಓಡಿ ಬಂದರೆ ಆ ಹೆದರಿಕೆ ವರ್ಷಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಮೊದಲು ಎದುರು ಮನೆಗೆ ಹೋಗಿ ಬನ್ನಿ. ಕಾನೂನು ಮಾತಾಡುವುದಕ್ಕಲ್ಲ, ಮಗು ಹೇಗಿದ್ದಾನೆ ಅಂತ ಕೇಳುವುದಕ್ಕೆ.

ಇನ್ನು, ನಾಯಿ ಜಾಸ್ತಿ ಆಗಿದ್ದು ನಿಮ್ಮ ಅನ್ನದಿಂದಲಾ? ಆ ಆರಕ್ಕೂ ಸಂತಾನಹರಣ ಆಪರೇಷನ್ ಆಗಿದೆಯಾ ಅನ್ನುವುದರ ಮೇಲೆ ಅದಕ್ಕೆ ಉತ್ತರ ಇದೆ, ಅದನ್ನೇ ನೀವು ಬರೆದಿಲ್ಲ. ಇವತ್ತು ರಾತ್ರಿ ಅನ್ನ ಹಾಕುವಾಗ ಕಿವಿ ನೋಡಿ. ಆಪರೇಷನ್ ಆದ ನಾಯಿಯ ಒಂದು ಕಿವಿಯ ತುದಿಯಲ್ಲಿ ಸಣ್ಣದಾಗಿ ಕತ್ತರಿಸಿದ ಗುರುತು ಇರುತ್ತದೆ. ಯಾವುದಕ್ಕೆ ಇಲ್ಲವೋ ಅದನ್ನು ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ತಿಳಿಸಿ, ಹಿಡಿಯುವವರು ಬಂದಾಗ ನೀವೇ ಮುಂದೆ ನಿಂತು ಹಿಡಿಸಿ. ಅವು ನಿಮ್ಮ ಕೈಗೆ ಬರುತ್ತವೆ, ಬೇರೆಯವರ ಕೈಗೆ ಬರುವುದಿಲ್ಲ. ಹೊಟ್ಟೆಗೆ ಸರಿಯಾಗಿ ಸಿಗುವ ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಹುದು, ಸಲಕ್ಕೆ ನಾಲ್ಕೈದು ಅಂತ ಇಟ್ಟುಕೊಂಡರೂ ಎಷ್ಟಾಯಿತು ನೋಡಿ. ಆಪರೇಷನ್ ಮಾಡಿಸದೆ ಅನ್ನ ಮಾತ್ರ ಹಾಕುತ್ತಾ ಹೋದರೆ ಎದುರು ಮನೆಯವರ ಮಾತೇ ನಿಜವಾಗುತ್ತದೆ.

ಹಿಡಿದುಕೊಂಡು ಹೋಗಿ ಊರಾಚೆ ಬಿಟ್ಟುಬಿಡಿ ಅನ್ನುವವರೂ ಇರುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಕೋಳಿ ಅಂಗಡಿಯ ಕಸ, ಹೋಟೆಲಿನ ಎಂಜಲು ಅಲ್ಲೇ ಬಿದ್ದಿರುವವರೆಗೆ ಖಾಲಿಯಾದ ರಸ್ತೆಗೆ ಪಕ್ಕದ ರಸ್ತೆಯ ನಾಯಿ ಬಂದೇ ಬರುತ್ತದೆ. ಹೊಸದಾಗಿ ಬಂದದ್ದಕ್ಕೆ ಇಂಜೆಕ್ಷನ್ ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ನಾಯಿಗಳ ಸಂತಾನ ನಿಯಂತ್ರಣಕ್ಕೆ ಅಂತ ಕೇಂದ್ರ ಸರ್ಕಾರ ಮಾಡಿದ 2001ರ ನಿಯಮ, ಅದರ ಜಾಗಕ್ಕೆ ಬಂದ 2023ರ ನಿಯಮ, ಎರಡೂ ಇದೇ ಲೆಕ್ಕದ ಮೇಲೆ ನಿಂತಿವೆ: ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಪಾಲಿಕೆಯ ಎಣಿಕೆಯಲ್ಲಿ 2019ರಲ್ಲಿ ಬೆಂಗಳೂರಿನ ಬೀದಿ ನಾಯಿಗಳು 3 ಲಕ್ಷ ದಾಟಿದ್ದವು, 2023ರಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿದವು. ಇಳಿದದ್ದು ಸಾಲದು, ಒಪ್ಪುತ್ತೇನೆ. ಆದರೆ ದಾರಿ ಇದೇ ಅಂತ ನನ್ನ ನಂಬಿಕೆ.

ಅನ್ನ ಹಾಕುವ ಜಾಗದ ವಿಷಯಕ್ಕೂ ನಿಯಮ ಇದೆ. ಮಕ್ಕಳು ಆಡುವ ಕಡೆ, ಗೇಟಿನ ಮುಂದೆ, ಮೆಟ್ಟಿಲ ಹತ್ತಿರ ಹಾಕುವ ಹಾಗಿಲ್ಲ. ಮಕ್ಕಳು, ವಯಸ್ಸಾದವರು ಓಡಾಡುವ ಹೊತ್ತೂ ಬೇಡ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಬೀದಿಯಲ್ಲಿ ಎಲ್ಲೆಂದರಲ್ಲಿ ಹಾಕಬೇಡಿ, ವಾರ್ಡಿನಲ್ಲಿ ಇದಕ್ಕೆ ಅಂತಲೇ ಜಾಗ ಗುರುತು ಮಾಡಿ ಅಂತ ಹೇಳಿದೆ. ನಿಮ್ಮ ರಸ್ತೆಯವರೆಲ್ಲ ಕೂತು ಒಂದು ಮೂಲೆ ಗೊತ್ತು ಮಾಡಿಕೊಳ್ಳಿ. ದಿನಾ ಅದೇ ಜಾಗ, ಅದೇ ಹೊತ್ತು. ತಿಂದಾದ ಮೇಲೆ ಜಾಗ ತೊಳೆದು ಬನ್ನಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕಂದರೆ ನಾನು ನೋಡಿದ ಜಗಳಗಳಲ್ಲಿ ಎಷ್ಟೋ ಶುರುವಾಗಿದ್ದು ನಾಯಿಯಿಂದಲ್ಲ, ಬೆಳಗ್ಗೆ ಬಾಗಿಲ ಮುಂದೆ ಹಳಸಿ ನೊಣ ಮುತ್ತಿದ ಅನ್ನದಿಂದ.

ಹುಡುಗನನ್ನು ಅಟ್ಟಿಸಿಕೊಂಡು ಹೋದ ನಾಯಿ ಯಾವುದು ಅಂತಲೂ ಪತ್ತೆ ಮಾಡಿ. ಹತ್ತಿರದಲ್ಲಿ ಎಲ್ಲೋ ಮರಿ ಹಾಕಿರುವ ತಾಯಿ ಆಗಿದ್ದರೆ ಕೆಲವು ವಾರದಲ್ಲಿ ಸರಿಹೋಗುತ್ತದೆ. ಸುಮ್ನೆ ಸುಮ್ನೆ ಮೇಲೆ ಬೀಳುವ ನಾಯಿ ಆಗಿದ್ದರೆ ಮುಚ್ಚಿಡಬೇಡಿ, ಪಾಲಿಕೆಗೆ ತಿಳಿಸಿ. ಪ್ರೀತಿಯಿಂದ ಮುಚ್ಚಿಟ್ಟರೆ ನಾಳೆ ಯಾವುದೋ ಮಗುವಿಗೆ ಗಾಯವಾಗುತ್ತದೆ, ಆಮೇಲೆ ಆರೂ ನಾಯಿ ರಸ್ತೆಯಿಂದ ಹೋಗುತ್ತವೆ.

ಎಲ್ಲರಿಗೂ ಸೇರಿ ಒಂದು ಮಾತು. ನಾಯಿ ಕಚ್ಚಿದರೆ, ಹಲ್ಲು ಸ್ವಲ್ಪವೇ ತಗುಲಿ ಚರ್ಮ ತರಚಿದರೂ, ನಲ್ಲಿ ನೀರು ಬಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಹಾಕುವ ಇನ್ನೊಂದು ಇಂಜೆಕ್ಷನ್ನೂ ಬೇಕು, ಕೇಳಿ ಹಾಕಿಸಿಕೊಳ್ಳಿ. ಲಸಿಕೆ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಕೊಟ್ಟ ತಾರೀಕು ಒಂದೂ ತಪ್ಪಿಸಬೇಡಿ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ನಾಯಿಯನ್ನು ಲಿಫ್ಟಿನಲ್ಲಿ ಕರೆದುಕೊಂಡು ಹೋಗಬಾರದು ಅಂತ ಬೋರ್ಡ್ ಹಾಕಿದ್ದಾರೆ. ನಾವು ಇರುವುದು ಒಂಬತ್ತನೇ ಮಹಡಿ. ಹಾಗೆ ಹೇಳಬಹುದಾ?
— ಮಾರತ್ತಹಳ್ಳಿಯ ಓದುಗರೊಬ್ಬರು

ಹೇಳುವ ಹಾಗಿಲ್ಲ. ನಾಯಿ ಸಾಕಬೇಡಿ ಅಂತಲೂ, ಲಿಫ್ಟ್ ಬಳಸಬೇಡಿ ಅಂತಲೂ ಸಂಘ ಬಹುಮತದಿಂದ ತೀರ್ಮಾನ ಮಾಡಿದರೂ ನಡೆಯುವುದಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಕಳಿಸಿದೆ. ಅದರ ಪ್ರತಿ ತೆಗೆದು ಕೊಡಿ. ಆದರೆ ಲಿಫ್ಟಿನೊಳಗೆ ನಾಯಿಗೆ ಹೆದರುವವರು ಇದ್ದರೆ ನೀವು ಮುಂದಿನ ಸಲದ ಲಿಫ್ಟಿಗೆ ಕಾಯಿರಿ. ಎರಡು ನಿಮಿಷದ ವಿಷಯ. ಬೆಲ್ಟನ್ನು ಗಿಡ್ಡವಾಗಿ ಹಿಡಿಯಿರಿ, ಕೆಳಗೆ ಅದು ಮಾಡಿದ್ದನ್ನು ನೀವೇ ಎತ್ತಿ.

ದಿನಾ ಬೆಳಗ್ಗೆ ಪೂಜೆ ಆದ ಮೇಲೆ ಬೀದಿಯಲ್ಲಿ ಬರುವ ಹಸುವಿಗೆ ಅನ್ನ, ಬಾಳೆಹಣ್ಣು ಕೊಡುತ್ತೇನೆ. ಹಬ್ಬ ಇದ್ದರೆ ಉಳಿದ ಪಾಯಸ, ಪುಳಿಯೋಗರೆ ಎಲ್ಲ. ಸೊಸೆ ‘ಕೊಡಬೇಡಿ ಅತ್ತೆ, ಹಸುಗೆ ಕೆಟ್ಟದ್ದು’ ಅಂತಾಳೆ. ಗೋಗ್ರಾಸ ಕೊಡೋದು ಹೇಗೆ ಕೆಟ್ಟದ್ದಾಗುತ್ತೆ?
— ಬಸವನಗುಡಿಯ ಓದುಗರೊಬ್ಬರು

ಅಮ್ಮಾ, ನಿಮ್ಮ ಸೊಸೆ ಹೇಳಿದ್ದು ಸರಿ. ಕೋಪ ಮಾಡಿಕೊಳ್ಳಬೇಡಿ.

ಹಸುವಿನ ಹೊಟ್ಟೆ ಇರುವುದು ಹುಲ್ಲಿಗೆ. ಅನ್ನ, ಪಾಯಸದಂಥದ್ದು ಒಂದೇ ಸಲ ಜಾಸ್ತಿ ಹೋದರೆ ಒಳಗೆ ಹುಳಿಯೇರುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ಮೆಲುಕು ನಿಲ್ಲುತ್ತದೆ, ಹೊತ್ತಿಗೆ ಚಿಕಿತ್ಸೆ ಸಿಗದಿದ್ದರೆ ಹಸು ಸತ್ತೇ ಹೋಗಬಹುದು. ಮದುವೆ ಛತ್ರದ ಹಿಂದೆ ಉಳಿದ ಅನ್ನ ರಾಶಿ ಹಾಕಿದ ಮಾರನೇ ದಿನ ಹಸುಗಳು ಮಲಗಿಬಿಡುವುದು ಇದಕ್ಕೇ. ನೀವೊಬ್ಬರೇ ಒಂದು ಹಿಡಿ ಕೊಟ್ಟರೆ ಏನೂ ಆಗುವುದಿಲ್ಲ. ಆದರೆ ಹಬ್ಬದ ದಿನ ಆ ಹಸು ನಿಮ್ಮ ಬೀದಿಯ ಇಪ್ಪತ್ತು ಮನೆ ಮುಂದೆ ನಿಲ್ಲುತ್ತದೆ, ಇಪ್ಪತ್ತು ಮನೆಯವರೂ ಭಕ್ತಿಯಿಂದಲೇ ಹಾಕಿರುತ್ತಾರೆ.

ನಮ್ಮ ಅಜ್ಜಿಯ ಮನೆ ಚಾಮರಾಜಪೇಟೆಯಲ್ಲಿತ್ತು. ಹಿತ್ತಿಲ ಬಾಗಿಲ ಪಕ್ಕ ಕಲಗಚ್ಚಿಗೆ ಅಂತ ಒಂದು ತಗಡಿನ ಬಕೆಟ್ಟು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಸೊಪ್ಪಿನ ದಂಟು ಎಲ್ಲ ಅದರೊಳಗೆ. ಸಂಜೆ ಹಾಲಿನವರ ಹುಡುಗ ಬಂದು ಬಗ್ಗಿಸಿಕೊಂಡು ಹೋಗುತ್ತಿದ್ದ. ಅವನು ಬರುವ ಮುಂಚೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು, ಬಳೆ ಮೇಲೇರಿಸಿ, ಮೊಳಕೈವರೆಗೆ ಬಕೆಟ್ಟಿನೊಳಗೆ ಕೈ ಹಾಕಿ ತಳದಿಂದ ಕಲಕುತ್ತಿದ್ದರು. ದಿನಾ. ನನಗೆ ಅದು ನೋಡಿದರೆ ವಾಕರಿಕೆ. ಒಂದು ದಿನ ಕೈ ಹೊರಗೆ ತೆಗೆದಾಗ ಬೆರಳ ನಡುವೆ ಒಂದು ಸೇಫ್ಟಿ ಪಿನ್ನು ಇತ್ತು. ನನ್ನ ಮೂಗಿನ ಮುಂದೆ ಹಿಡಿದು ‘ಇದು ಅದರ ಹೊಟ್ಟೆಗೆ ಹೋಗಿದ್ರೆ?’ ಅಂದರು. ಹಸು ಮೊದಲು ಗಬಗಬ ಅಂತ ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಮೊಳೆ, ತಂತಿ, ಪಿನ್ನು ಹೋದರೆ ಹೊಟ್ಟೆ ತೂತಾಗಿ ಹೃದಯದವರೆಗೂ ಚುಚ್ಚಬಹುದು ಅಂತ ನನಗೆ ಪಶುವೈದ್ಯರು ಹೇಳಿದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿಗೆ ಅದನ್ನು ಯಾರು ಹೇಳಿದ್ದರೋ.

ಈಗ ಆ ಬಕೆಟ್ಟಿನ ಜಾಗಕ್ಕೆ ಪ್ಲಾಸ್ಟಿಕ್ ಕವರ್ ಬಂದಿದೆ. ಮುಸುರೆಯನ್ನು ಕವರಿಗೆ ತುಂಬಿ, ಬಾಯಿಗೆ ಗಂಟು ಹಾಕಿ ರಸ್ತೆ ಮೂಲೆಗೆ ಎಸೆಯುತ್ತೇವೆ. ಹಸುವಿಗೆ ಗಂಟು ಬಿಚ್ಚಲು ಬರುವುದಿಲ್ಲ, ಕವರ್ ಸಮೇತ ನುಂಗುತ್ತದೆ. ಅದು ಕರಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ವರ್ಷಗಟ್ಟಲೆ ಸೇರಿ ಸೇರಿ ಹೊಟ್ಟೆಯೊಳಗೆ ಗಟ್ಟಿ ಉಂಡೆಯಾಗುತ್ತದೆ. ಹೊರಗಿನಿಂದ ಹೊಟ್ಟೆ ತುಂಬಿದ ಹಾಗೆ ಕಾಣುವ ಹಸು ಒಳಗೆ ಉಪವಾಸ ಇರುತ್ತದೆ.

ನೀವಿರುವುದು ಬಸವನಗುಡಿಯಲ್ಲಿ. ಕಡಲೆಕಾಯಿ ತಿಂದು ಹೋಗುತ್ತಿದ್ದ ಬಸವನಿಗೆ ರೈತರು ಮೊದಲ ಬೆಳೆ ಒಪ್ಪಿಸುವ ಹರಕೆ ಹೊತ್ತರು ಅನ್ನುವ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಕಾರ್ತಿಕದ ಕೊನೆಯ ಸೋಮವಾರದ ಪರಿಷೆ ಇವತ್ತಿಗೂ ಆ ಕಥೆಯ ಮೇಲೇ ನಡೆಯುತ್ತಿದೆ. ಗೋಗ್ರಾಸ ಬಿಡಬೇಡಿ ಅಮ್ಮಾ. ಒಂದು ಕಟ್ಟು ಹಸಿ ಹುಲ್ಲು, ಮೆಂತ್ಯ ಸೊಪ್ಪಿನ ದಂಟು, ಒಂದೆರಡು ಬಾಳೆಹಣ್ಣು ಸಿಪ್ಪೆ ಸಮೇತ ಕೊಡಿ. ಮುಸುರೆ ಇದ್ದರೆ ಕವರಿಲ್ಲದೆ ಹಸಿ ಕಸದ ಬುಟ್ಟಿಗೆ. ಇನ್ನೊಂದು ವಿಷಯ, ಬೀದಿಯಲ್ಲಿ ಕಾಣುವ ಹಸುಗಳಲ್ಲಿ ಬಹಳಷ್ಟಕ್ಕೆ ಯಜಮಾನರಿದ್ದಾರೆ, ಬೆಳಗ್ಗೆ ಹಾಲು ಕರೆದುಕೊಂಡು ಮೇಯಲಿಕ್ಕೆ ಅಂತ ರಸ್ತೆಗೆ ಬಿಡುತ್ತಾರೆ. ಅವರು ಯಾರು ಅಂತ ವಿಚಾರಿಸಿ, ಹುಲ್ಲಿನ ದುಡ್ಡು ನೇರವಾಗಿ ಅಲ್ಲೇ ಕೊಟ್ಟರೂ ಆಗುತ್ತದೆ.

ನಾವು ಒಂದು ಬೀದಿ ನಾಯಿಮರಿ ತಂದು ಮನೆಯೊಳಗೆ ಸಾಕಿದ್ದೇವೆ. ಊರಿಂದ ಬಂದ ಮಾವನವರು ‘ನಾಯಿ ಹೊಸಿಲು ದಾಟಬಾರದು, ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲ, ವಿದೇಶದವರ ಶೋಕಿ’ ಅಂತ ಊಟ ಬಿಟ್ಟು ಕೂತರು. ನಮ್ಮವರಿಗೆ ನಾಯಿ ಅಂದರೆ ಅಷ್ಟು ತಾತ್ಸಾರವಾ?
— ಬನಶಂಕರಿಯ ಓದುಗರೊಬ್ಬರು

ಮಾವನವರು ಹೇಳಿದ್ದರಲ್ಲಿ ಒಂದು ಅರ್ಧ ನಿಜ ಇದೆ. ಹಳ್ಳಿಯಲ್ಲಿ ನಾಯಿ ಇರುತ್ತಿದ್ದದ್ದು ಜಗಲಿಯಲ್ಲಿ, ಹಟ್ಟಿಯಲ್ಲಿ, ಹೊಲದಲ್ಲಿ. ಒಲೆ ಹತ್ತಿರ ಬಿಡುತ್ತಿರಲಿಲ್ಲ. ಬೈಯುವಾಗಲೂ ಮೊದಲು ಬಾಯಿಗೆ ಬರುವುದು ನಾಯಿಯೇ. ಕಷ್ಟ ಜಾಸ್ತಿಯಾದರೆ ‘ನಾಯಿಪಾಡು’ ಅನ್ನುತ್ತೇವೆ. ಆದರೆ ‘ನಮ್ಮ ಸಂಸ್ಕೃತಿ ಅಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಒಪ್ಪದೇ ಇರುವುದಕ್ಕೆ ನನ್ನ ಹತ್ತಿರ ಒಂದು ಕಲ್ಲಿದೆ.

ಆ ಕಲ್ಲು ಇರುವುದು ನಮ್ಮ ಬೆಂಗಳೂರಿನಲ್ಲೇ, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದದ್ದು. ಇಸವಿ 949ರ ಸುಮಾರಿಗೆ ತಕ್ಕೋಲದಲ್ಲಿ ದೊಡ್ಡ ಯುದ್ಧ ಆಯಿತು. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಗಂಗರ ಬೂತುಗ. ಇನ್ನೊಂದು ಕಡೆ ಚೋಳರು. ಚೋಳರ ರಾಜಾದಿತ್ಯ ಅಲ್ಲಿ ಸತ್ತ. ಬೂತುಗನ ಕಡೆ ಮಣಲೆರ ಅಂತ ಒಬ್ಬ ವೀರ ಇದ್ದ. ಅವನ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ.

ಆಮೇಲೆ ಬೆಳತೂರು ಅನ್ನುವ ಊರಿನ ಗುಡ್ಡದ ಹತ್ತಿರ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ದೇವಸ್ಥಾನದ ಮುಂದೆ ಕಾಳಿಗೆ ಕಲ್ಲು ನೆಡಿಸಿದ. ಬರೀ ನೆಡಿಸಿ ಸುಮ್ಮನಾಗಲಿಲ್ಲ, ಅದರ ಪೂಜೆಗೆ ಅಂತ ಕೆರೆ ಕೆಳಗಿನ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪೂಜಾರಿಗೆ, ಅಂದರೆ ಗೊರವನಿಗೆ, ಆ ನಾಯಿಯ ಪಾಪ ತಟ್ಟುತ್ತದೆ ಅಂತ ಶಾಸನದಲ್ಲೇ ಬರೆಸಿದ. ಯುದ್ಧದಲ್ಲಿ ಗೆದ್ದ ಸಂಗತಿ, ರಾಜರ ಬಿರುದುಗಳು ಎಲ್ಲ ಅದೇ ಕಲ್ಲಿನಲ್ಲಿವೆ. ಆದರೆ ಕಲ್ಲಿನ ಮೇಲೆ ಕೆತ್ತಿದ ಚಿತ್ರ ರಾಜನದಲ್ಲ. ಒಂದರ ಮೇಲೊಂದು ಬಿದ್ದ ನಾಯಿ ಮತ್ತು ಹಂದಿ, ಸುತ್ತ ಹಳಗನ್ನಡದ ದುಂಡು ಅಕ್ಷರ. ನಾನು ಮೊದಲ ಸಲ ನೋಡಿದಾಗ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಸಾವಿರ ವರ್ಷಕ್ಕಿಂತ ಹಿಂದೆ ಈ ನೆಲದ ಒಬ್ಬ ಯೋಧ ತನ್ನ ನಾಯಿ ಸತ್ತದ್ದಕ್ಕೆ ಸಂಕಟಪಟ್ಟಿದ್ದಾನೆ, ಆ ಸಂಕಟವನ್ನು ಕನ್ನಡದಲ್ಲೇ ಬರೆಸಿದ್ದಾನೆ.

ಗೊರವ ಅಂದ ಕೂಡಲೇ ಮೈಲಾರನ ಗೊರವಯ್ಯಗಳು ನೆನಪಾಗುತ್ತಾರೆ. ಕರಿ ಕಂಬಳಿ, ಡಮರುಗ. ಅವರು ತಮ್ಮನ್ನು ಮೈಲಾರಲಿಂಗನ ನಾಯಿಗಳು ಅಂತಲೇ ಅಂದುಕೊಳ್ಳುತ್ತಾರೆ. ದೋಣಿ ಅಂದರೆ ಇಲ್ಲಿ ಮರದ ಬಟ್ಟಲು. ದೋಣಿ ಸೇವೆಯಲ್ಲಿ ನಾಯಿಯ ಹಾಗೆ ಬೊಗಳಿ, ದೋಣಿಗೆ ಬಾಯಿ ಹಾಕಿಯೇ ತಿನ್ನುತ್ತಾರೆ. ದೇವರ ಮುಂದೆ ತಾನು ನಾಯಿ ಅನ್ನುವುದು ಅಲ್ಲಿ ಬೈಗುಳ ಅಲ್ಲ, ಅದೇ ಭಕ್ತಿ. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಈ ಕಾಲದಲ್ಲೇ ನಾಯಿಗಳಿಗೆ ಗುಡಿ ಕಟ್ಟಿ ಪೂಜೆ ಮಾಡುತ್ತಿದ್ದಾರೆ. ಮಹಾಭಾರತದ ಕೊನೆಗೆ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂದ ಕಥೆಯಂತೂ ಮಾವನವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹಾಗಂತ ಇದನ್ನೆಲ್ಲ ಅವರ ಮುಂದೆ ವಾದಕ್ಕೆ ಇಡಬೇಡಿ. ಮರಿಗೆ ಅಡುಗೆಮನೆ, ದೇವರಮನೆ ಬೇಡ ಅಂತ ಕಲಿಸಿ, ಅದು ಕಷ್ಟ ಅಲ್ಲ. ಊರಲ್ಲಿ ಅವರ ಹೊಲ ಕಾಯುತ್ತಿದ್ದ ನಾಯಿಯ ಹೆಸರೇನಿತ್ತು ಅಂತ ಒಂದು ಸಲ ಕೇಳಿ ನೋಡಿ. ಒಂದು ಭಾನುವಾರ ಕಸ್ತೂರ್ಬಾ ರಸ್ತೆಗೂ ಕರೆದುಕೊಂಡು ಹೋಗಿ. ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಮಗನ ಹುಟ್ಟುಹಬ್ಬಕ್ಕೆ ಯಾರೋ ಒಂದು ಹಸಿರು ಗಿಳಿಯನ್ನು ಪಂಜರದ ಸಮೇತ ಕೊಟ್ಟಿದ್ದಾರೆ. ಇಟ್ಟುಕೊಳ್ಳಬಹುದಾ? ಇಲ್ಲದಿದ್ದರೆ ಬಾಗಿಲು ತೆಗೆದು ಹಾರಿಸಿಬಿಡಲಾ?
— ಆರ್.ಟಿ. ನಗರದ ಓದುಗರೊಬ್ಬರು

ಎರಡೂ ಬೇಡ. ನಮ್ಮ ನಾಡಿನ ಗಿಳಿಗಳನ್ನು ಸಾಕುವುದು, ಮಾರುವುದು, ಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಗಡಿಯಲ್ಲಿ ಸಿಗುವ ಲವ್‌ಬರ್ಡ್ಸ್ ಹೊರದೇಶದ್ದು, ಅದರ ಲೆಕ್ಕ ಬೇರೆ. ಮಾರುವವರು ಈ ಹಸಿರು ಗಿಳಿಗಳನ್ನು ಮರಿಯಲ್ಲೇ ಪೊಟರೆಯಿಂದ ಕಿತ್ತು ತಂದಿರುತ್ತಾರೆ, ಸಾಗಿಸುವಾಗಲೇ ಎಷ್ಟೋ ಸಾಯುತ್ತವೆ. ಪಂಜರದಲ್ಲೇ ಬೆಳೆದದ್ದಕ್ಕೆ ರೆಕ್ಕೆಯಲ್ಲಿ ಬಲ ಇರುವುದಿಲ್ಲ, ಎಷ್ಟೋ ಸಲ ರೆಕ್ಕೆಯ ಗರಿಯನ್ನೂ ಕತ್ತರಿಸಿರುತ್ತಾರೆ. ಹೊರಗೆ ಬಿಟ್ಟರೆ ಸಂಜೆಯೊಳಗೆ ಕಾಗೆ, ಬೆಕ್ಕಿನ ಬಾಯಿಗೆ. ಅರಣ್ಯ ಇಲಾಖೆಗೋ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೋ ಫೋನ್ ಮಾಡಿ ಒಪ್ಪಿಸಿ. ಒಪ್ಪಿಸಲು ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ, ಅವನಿಗೆ ತಿಳಿಯದ ಹಾಗೆ ಮಾಯ ಮಾಡಬೇಡಿ.

ಕೆಂಗೇರಿ ಆಚೆ ಹೊಸ ಮನೆ ಕಟ್ಟಿದ್ದೇವೆ. ಪಕ್ಕದ ಖಾಲಿ ಸೈಟಿನಿಂದ ಎರಡು ಸಲ ಹಾವು ಬಂತು. ಒಂದನ್ನು ಕೆಲಸದವರು ಹೊಡೆದು ಸಾಯಿಸಿದರು. ಅಮ್ಮ ದೋಷ ಅಂತ ಹೆದರಿದ್ದಾರೆ. ನಾಗರಕಲ್ಲಿಗೆ ಹಾಲೆರೆದರೆ ಸಾಕಾ?
— ಓದುಗರೊಬ್ಬರು

ಕಲ್ಲಿಗೆ ಹಾಲೆರೆಯಿರಿ, ಅಮ್ಮನ ಮನಸ್ಸಿಗೆ ಸಮಾಧಾನ ಆಗುತ್ತದೆ. ಜೀವಂತ ಹಾವಿಗೆ ಮಾತ್ರ ಹಾಲಿಡಬೇಡಿ, ಅದು ಹಾವಿನ ಆಹಾರ ಅಲ್ಲ. ಅದು ಬರುವುದು ಇಲಿಗೆ. ಇಲಿ ಬರುವುದು ಕಸಕ್ಕೆ. ಸೈಟಿನ ಕಸ, ಇಟ್ಟಿಗೆ ರಾಶಿ ತೆಗೆಸಿ, ಬಾಗಿಲ ಕೆಳಗಿನ ಸಂದು ಮುಚ್ಚಿಸಿ. ಮನೆ ಹತ್ತಿರ ಬರುವುದರಲ್ಲಿ ಜಾಸ್ತಿ ಕೇರೆ ಹಾವೇ, ಅದಕ್ಕೆ ವಿಷ ಇಲ್ಲ. ವಿಷದವು ಅಂದರೆ ಮುಖ್ಯವಾಗಿ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಯಾವುದು ಅಂತ ಗೊತ್ತಾಗದಿದ್ದರೆ ದೂರ ನಿಂತು ಅದರ ಮೇಲೆ ಕಣ್ಣಿಟ್ಟು ಹಾವು ಹಿಡಿಯುವವರನ್ನು ಕರೆಸಿ. ಹೊಡೆಯಲು ಹೋದಾಗಲೇ ಎಷ್ಟೋ ಜನ ಕಚ್ಚಿಸಿಕೊಳ್ಳುವುದು. ಹಾವು ಕೊಲ್ಲುವುದು ಕಾನೂನಿಗೂ ವಿರೋಧ. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕುಯ್ಯಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ.

ಹದಿಮೂರು ವರ್ಷ ನಮ್ಮ ಜೊತೆ ಇದ್ದ ನಾಯಿ ಹೋದ ತಿಂಗಳು ತೀರಿಕೊಂಡಿತು. ಹತ್ತು ವರ್ಷದ ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ನಾನು ಎರಡು ದಿನ ಆಫೀಸಿಗೆ ರಜೆ ಹಾಕಿದ್ದಕ್ಕೆ ‘ನಾಯಿಗೂ ಸೂತಕಾನಾ’ ಅಂತ ನಕ್ಕರು. ಯಜಮಾನರು ಈ ವಾರವೇ ಹೊಸ ಮರಿ ತರೋಣ ಅಂತಿದ್ದಾರೆ.
— ಯಲಹಂಕದ ಓದುಗರೊಬ್ಬರು

ನಕ್ಕವರ ಮಾತು ಬಿಡಿ. ಹದಿಮೂರು ವರ್ಷ ಅಂದರೆ ನಿಮ್ಮ ಮಗಳು ಹುಟ್ಟಿದಾಗ ಅದು ಆಗಲೇ ಆ ಮನೆಯಲ್ಲಿತ್ತು. ಅವಳು ಅದಿಲ್ಲದ ಒಂದು ದಿನವನ್ನೂ ಕಂಡಿರಲಿಲ್ಲ. ಅವಳು ಅಳಲಿ. ‘ದೇವರ ಹತ್ತಿರ ಹೋಗಿದೆ, ಮತ್ತೆ ಬರುತ್ತೆ’ ಅಂತ ಹೇಳಬೇಡಿ, ಬಾಗಿಲು ಕಾಯುತ್ತಾಳೆ. ವಯಸ್ಸಾಗಿತ್ತು, ಸತ್ತುಹೋಯಿತು ಅಂತ ನೇರವಾಗಿ ಹೇಳಿ, ಪಕ್ಕದಲ್ಲಿ ಕೂರಿ. ಅವಳ ಮುಂದೆ ನಿಮಗೂ ಅಳು ಬಂದರೆ ತಡೆದುಕೊಳ್ಳಬೇಡಿ.

ತಿಂಗಳಾಯಿತು ಅಂತೀರಿ. ಇನ್ನೂ ಒಂದೆರಡು ವಾರ ಹೀಗೇ ಇದ್ದು, ಶಾಲೆಯಲ್ಲೂ ಮಂಕಾಗಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಒಂದು ಸಲ ಮಾತಾಡಿ. ಅದರ ಬಟ್ಟಲು, ಬೆಲ್ಟು ಎಲ್ಲಿಡಬೇಕು ಅಂತ ಅವಳನ್ನೇ ಕೇಳಿ. ಫೋಟೊ ಅಂಟಿಸಿ ಪುಸ್ತಕ ಮಾಡಬೇಕು ಅಂದರೆ ಮಾಡಲಿ. ಎಳ್ಳು ನೀರು ಬಿಡಬೇಕು ಅನ್ನಿಸಿದರೆ ಅದಕ್ಕೂ ಯಾರ ಅಪ್ಪಣೆ ಬೇಕಾಗಿಲ್ಲ.

ಹೊಸ ಮರಿ ಈ ವಾರ ಬೇಡ. ಯಜಮಾನರಿಗೂ ನೋವಾಗಿದೆ, ಮನೆ ಖಾಲಿ ಅನ್ನಿಸುತ್ತಿದೆ, ಅದಕ್ಕೇ ಅವಸರ. ಆದರೆ ಈಗ ತಂದರೆ ಆ ಮರಿ ದಿನಾ ಹಳೆಯದರ ಜೊತೆ ಹೋಲಿಸಿಕೊಂಡೇ ಬೆಳೆಯಬೇಕಾಗುತ್ತದೆ. ಮಗಳು ತಾನಾಗಿ ಕೇಳುವವರೆಗೆ ಕಾಯಿರಿ. ಕೇಳಿದ ದಿನ ಅಂಗಡಿಗೆ ಹೋಗಬೇಡಿ, ನಿಮ್ಮ ರಸ್ತೆಯಲ್ಲೇ ಯಾವುದೋ ಚರಂಡಿ ಪಕ್ಕ ಒಂದು ಮರಿ ಇರುತ್ತದೆ.